ಪಕ್ಕದ ಬೆಂಚಿನ ಸಹಪಾಠಿಗೆ ಟೈಪ್ 1 ಮಧುಮೇಹ: ಕಣ್ಣಿಗೆ ಕಾಣದ ಕಾಯಿಲೆಯನ್ನು ಮಕ್ಕಳಿಗೆ ತಿಳಿಸಿಕೊಡಲು ಒಂದು ಸಮಗ್ರ ಮಾರ್ಗದರ್ಶಿ

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಹುಡುಗನ ಬಗ್ಗೆ ತರಗತಿಯಲ್ಲಿ ಯಾರೂ ವಿವರಣೆ ಕೊಡಬೇಕಾಗುವುದಿಲ್ಲ. ಮಕ್ಕಳು ತಾವಾಗಿಯೇ ಅವನ ಚೀಲ ಹೊರುತ್ತಾರೆ, ನೋಟ್ಸ್ ಬರೆದುಕೊಡುತ್ತಾರೆ, ಕ್ರಿಕೆಟ್‌ನಲ್ಲಿ ಅವನನ್ನು ಅಂಪೈರ್ ಮಾಡುತ್ತಾರೆ. ಟೈಪ್ 1 ಮಧುಮೇಹವಿರುವ ಹುಡುಗಿಗೆ ಈ ಅನುಕೂಲವಿಲ್ಲ. ಅವಳು ಎಲ್ಲರಂತೆ ಓಡುತ್ತಾಳೆ, ನಗುತ್ತಾಳೆ, ಲೆಕ್ಕ ಮಾಡುತ್ತಾಳೆ. ಕಾಯಿಲೆ ಎಲ್ಲಿಯೂ ಕಾಣುವುದಿಲ್ಲ. ಉಳಿದವರ ಕಣ್ಣಿಗೆ ಬೀಳುವುದು ಅವಳಿಗೆ ಸಿಗುವ ವಿನಾಯಿತಿಗಳು ಮಾತ್ರ. ಪಾಠದ ನಡುವೆ ಅವಳು ಬಿಸ್ಕತ್ತು ತಿನ್ನಬಹುದು, ಕೇಳಿದಾಗಲೆಲ್ಲ ಶೌಚಾಲಯಕ್ಕೆ ಹೋಗಬಹುದು, ಬಿಸಿಲಿನಲ್ಲಿ ಡ್ರಿಲ್ ನಡೆಯುವಾಗ ನೆರಳಿಗೆ ಹೋಗಿ ಕೂರಬಹುದು. 'ಅವಳಿಗೊಂದು ನ್ಯಾಯ, ನಮಗೊಂದು ನ್ಯಾಯವಾ ಮಿಸ್?' ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಆ ಪ್ರಶ್ನೆಯಲ್ಲಿ ಕೆಟ್ಟ ಮನಸ್ಸಿಲ್ಲ. ಎಂಟು ಹತ್ತು ವರ್ಷದ ಮಕ್ಕಳಿಗೆ ಎಲ್ಲರನ್ನೂ ಸಮನಾಗಿ ಕಾಣಬೇಕೆಂಬುದು ಬಹಳ ದೊಡ್ಡ ವಿಷಯ. ಕಾರಣ ತಿಳಿಯದಿದ್ದರೆ ಅವರೇ ಒಂದು ಕಾರಣವನ್ನು ಕಟ್ಟಿಕೊಳ್ಳುತ್ತಾರೆ. ಅವಳು ಟೀಚರಿಗೆ ಬೇಕಾದವಳು, ಅವಳದೆಲ್ಲ ನಾಟಕ, ಅವಳಿಗೆ ಯಾವುದೋ ಅಂಟುರೋಗವಿದೆ ಎಂಬ ಮಾತುಗಳು ಹಬ್ಬುವುದು ಹೀಗೆಯೇ. ಆದ್ದರಿಂದ 'ಪಾಪ, ಅವಳಿಗೆ ಹುಷಾರಿಲ್ಲ, ಚೆನ್ನಾಗಿ ನೋಡಿಕೊಳ್ಳಿ' ಎಂದು ಕನಿಕರದಿಂದ ಮಾತು ಆರಂಭಿಸಿದರೆ ಪ್ರಯೋಜನವಾಗದು ಎಂಬುದು ನನ್ನ ಖಚಿತ ಅಭಿಪ್ರಾಯ. ಮಕ್ಕಳು ಕಂಡ ವಿನಾಯಿತಿಯನ್ನೇ ಮುಂದಿಟ್ಟುಕೊಂಡು, ಅದರ ಹಿಂದಿರುವ ಕಾರಣವನ್ನು ಅವರ ವಯಸ್ಸಿಗೆ ತಕ್ಕಂತೆ ಸರಿಯಾಗಿ ಹೇಳಿ, ಆಮೇಲೆ ಅವರಿಗೂ ಮಾಡಲು ಒಂದು ಕೆಲಸ ಕೊಡಬೇಕು. ಮುಂದಿನ ಹಂತಗಳೆಲ್ಲ ಈ ಕ್ರಮವನ್ನೇ ಅನುಸರಿಸುತ್ತವೆ. ಇದನ್ನು ಶಿಕ್ಷಕರಿಗಾಗಿ, ಕಾಯಿಲೆಯಿರುವ ಮಗುವಿನ ಪೋಷಕರಿಗಾಗಿ ಮತ್ತು ಅಷ್ಟೇ ಮುಖ್ಯವಾಗಿ ಆ ಮಗುವಿನ ಗೆಳೆಯರ ಪೋಷಕರಿಗಾಗಿ ಬರೆದಿದೆ.

ಹಂತ 1: ಎಲ್ಲಕ್ಕಿಂತ ಮೊದಲು ಆ ಮಗುವನ್ನು ಕೇಳಿ

ಕಾಯಿಲೆ ಅವಳದು, ಅದರ ಬಗ್ಗೆ ಯಾರಿಗೆ ಎಷ್ಟು ತಿಳಿಯಬೇಕು ಎಂದು ಹೇಳುವ ಮೊದಲ ಹಕ್ಕೂ ಅವಳದೇ. ತರಗತಿಗೆ ಏನನ್ನಾದರೂ ಹೇಳುವ ಮುನ್ನ ಮಗುವನ್ನೂ ತಂದೆತಾಯಿಯನ್ನೂ ಒಟ್ಟಿಗೆ ಕೂರಿಸಿಕೊಂಡು, ಬೇರೆಯವರ ಓಡಾಟವಿಲ್ಲದ ಕಡೆ ಮಾತನಾಡಬೇಕು. 'ಗೆಳೆಯರಿಗೆ ಹೇಳೋಣವೇ?' ಎಂದು ಒಟ್ಟಾರೆಯಾಗಿ ಕೇಳಿದರೆ ಮಗು ತಲೆಯಾಡಿಸಿ ಸುಮ್ಮನಾಗುತ್ತದೆ. ಬಿಡಿಬಿಡಿಯಾಗಿ ಕೇಳಬೇಕು: ಕಾಯಿಲೆಯ ಹೆಸರು ಹೇಳಬಹುದೇ, ಇಂಜೆಕ್ಷನ್ ತೆಗೆದುಕೊಳ್ಳುವ ವಿಷಯ ಹೇಳಬಹುದೇ, ಯಾರು ಹೇಳಿದರೆ ನಿನಗೆ ಹಿತ, ಆ ಹೊತ್ತಿನಲ್ಲಿ ನೀನು ತರಗತಿಯಲ್ಲಿ ಇರುತ್ತೀಯಾ ಅಥವಾ ಗ್ರಂಥಾಲಯದಲ್ಲಿ ಕೂರುತ್ತೀಯಾ, ನಿನ್ನ ಹತ್ತಿರದ ಇಬ್ಬರು ಗೆಳತಿಯರಿಗೆ ಮಾತ್ರ ತಿಳಿದರೆ ಸಾಕೇ? ಇವತ್ತು ಒಪ್ಪಿದ್ದನ್ನು ನಾಳೆ ಬೇಡವೆನ್ನುವ ಸ್ವಾತಂತ್ರ್ಯವೂ ಅವಳಿಗಿದೆ ಎಂದು ಸ್ಪಷ್ಟವಾಗಿ ತಿಳಿಸಬೇಕು.

ಅನೇಕ ಮನೆಗಳಲ್ಲಿ ಈ ಕಾಯಿಲೆಯನ್ನು ಮುಚ್ಚಿಡುತ್ತಾರೆ. ಹೆಣ್ಣುಮಗುವಾದರಂತೂ 'ಊರಲ್ಲೆಲ್ಲ ಗೊತ್ತಾದರೆ ನಾಳೆ ಮದುವೆಗೆ ಅಡ್ಡಿಯಾಗುತ್ತದೆ' ಎಂಬ ಆತಂಕ ತಾಯಿಯ ಮನಸ್ಸಿನಲ್ಲಿರುತ್ತದೆ. ಆ ತಾಯಿಯನ್ನು ತಿದ್ದಲು ಹೋಗುವುದಕ್ಕಿಂತ, ಎರಡು ವಿಷಯಗಳನ್ನು ಬೇರೆಬೇರೆ ಮಾಡಿ ಮುಂದಿಡುವುದು ಮೇಲು. ಮಗುವಿನ ಜೀವದ ಸುರಕ್ಷತೆಗಾಗಿ ತಿಳಿದಿರಲೇಬೇಕಾದ ದೊಡ್ಡವರು ಕೆಲವರಿದ್ದಾರೆ. ಅಲ್ಲಿ ಗುಟ್ಟು ಸಲ್ಲದು. ಸಹಪಾಠಿಗಳಿಗೆ ಎಷ್ಟು ಹೇಳಬೇಕು ಎಂಬುದನ್ನು ಮಾತ್ರ ಮನೆಯವರ ಒಪ್ಪಿಗೆಗೆ ಬಿಡಬಹುದು. ಹೆಸರು ಹೇಳಬಾರದೆಂದರೆ, 'ಅವಳ ದೇಹಕ್ಕೆ ಹೊತ್ತು ಹೊತ್ತಿಗೆ ತಿನ್ನಬೇಕಾದ ಅಗತ್ಯವಿದೆ, ಅದು ಡಾಕ್ಟರು ಹೇಳಿರುವ ಕ್ರಮ' ಎಂಬಷ್ಟು ಹೇಳಿದರೂ ನ್ಯಾಯದ ಪ್ರಶ್ನೆಗೆ ಉತ್ತರ ಸಿಕ್ಕಂತಾಗುತ್ತದೆ.

ಹಂತ 2: ಹೇಳುವವರು ತಾವು ಸರಿಯಾಗಿ ತಿಳಿದುಕೊಳ್ಳಬೇಕು

ಸಕ್ಕರೆ ಕಾಯಿಲೆ ಎಂದೊಡನೆ ನಮ್ಮ ಕಣ್ಮುಂದೆ ಬರುವುದು ಮಾತ್ರೆ ನುಂಗುವ, ಸಪ್ಪೆ ಕಾಫಿ ಕುಡಿಯುವ ಅಜ್ಜ ಅಜ್ಜಿಯರು. ಅವರಲ್ಲಿ ಹೆಚ್ಚಿನವರದು ಟೈಪ್ 2 ಮಧುಮೇಹ. ರಕ್ತದಲ್ಲಿರುವ ಸಕ್ಕರೆಯನ್ನು ದೇಹ ಬಳಸಿಕೊಳ್ಳಲು ಬೇಕಾದ ಇನ್ಸುಲಿನ್ ಎಂಬ ಹಾರ್ಮೋನು ಅವರ ದೇಹದಲ್ಲಿ ಇರುತ್ತದೆ, ಆದರೆ ಸಾಲದು ಅಥವಾ ಸರಿಯಾಗಿ ಕೆಲಸ ಮಾಡದು. ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ಟೈಪ್ 1 ಬೇರೆಯೇ ಬಗೆಯದು. ಹೊರಗಿನ ಸೋಂಕಿನೊಡನೆ ಹೋರಾಡಬೇಕಾದ ದೇಹದ ರೋಗನಿರೋಧಕ ವ್ಯವಸ್ಥೆಯು ಮೇದೋಜೀರಕ ಗ್ರಂಥಿಯಲ್ಲಿರುವ, ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ತಪ್ಪಾಗಿ ನಾಶಮಾಡುತ್ತದೆ. ಆಮೇಲೆ ಇನ್ಸುಲಿನ್ನನ್ನು ಹೊರಗಿನಿಂದಲೇ, ಸಾಮಾನ್ಯವಾಗಿ ದಿನಕ್ಕೆ ನಾಲ್ಕು ಬಾರಿ ಇಂಜೆಕ್ಷನ್ ಮೂಲಕ ಅಥವಾ ಪಂಪ್ ಮೂಲಕ, ಜೀವನಪರ್ಯಂತ ಕೊಡಬೇಕಾಗುತ್ತದೆ. ಸಿಹಿ ಹೆಚ್ಚು ತಿಂದದ್ದರಿಂದ ಇದು ಬರುವುದಿಲ್ಲ, ತಂದೆತಾಯಿಯ ಅಲಕ್ಷ್ಯದಿಂದಲೂ ಬರುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಜಗತ್ತಿನಲ್ಲಿ ಈ ಕಾಯಿಲೆಯಿರುವ ಮಕ್ಕಳು ಅತಿ ಹೆಚ್ಚಿರುವ ದೇಶಗಳಲ್ಲಿ ಭಾರತವೂ ಒಂದು.

ಇಲ್ಲೊಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಹಾಗಲಕಾಯಿ ರಸ, ನಾಟಿ ಔಷಧಿ, ಯಾರೋ ಕೊಟ್ಟ ಬೇರಿನ ಪುಡಿಯನ್ನು ನಂಬಿ ಇನ್ಸುಲಿನ್ ನಿಲ್ಲಿಸಿದರೆ, ಟೈಪ್ 1 ಇರುವ ಮಗುವಿನ ರಕ್ತದಲ್ಲಿ ಕೀಟೋನ್ ಎಂಬ ಆಮ್ಲಗಳು ಸೇರಿ ಒಂದೆರಡು ದಿನಗಳಲ್ಲಿಯೇ ಪ್ರಾಣಾಪಾಯವಾಗಬಹುದು. ಗೆಳೆಯರ ಪೋಷಕರು ಪ್ರೀತಿಯಿಂದಲೇ ಕೊಡುವ ಇಂಥ ಸಲಹೆಗಳು ಆ ಮನೆಯವರಿಗೆ ಎಷ್ಟು ಭಾರವಾಗುತ್ತವೆಯೋ ಅಷ್ಟೇ ಅಪಾಯಕಾರಿಯೂ ಆಗಿರುತ್ತವೆ.

ಶಾಲೆಯಲ್ಲಿ ತಿಳಿದಿರಬೇಕಾದ ಮುಖ್ಯ ಸಂಗತಿ, ಸಕ್ಕರೆ ಕಡಿಮೆಯಾಗುವುದು. ರಕ್ತದ ಗ್ಲೂಕೋಸ್ ಡೆಸಿಲೀಟರ್‌ಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಅದನ್ನು 'ಲೋ' ಎನ್ನುತ್ತಾರೆ. 54ಕ್ಕಿಂತ ಕೆಳಗಿಳಿದರೆ ಗಂಭೀರ. ಕೈ ನಡುಗುತ್ತದೆ, ಬೆವರುತ್ತದೆ, ಮುಖ ಬಿಳಚಿಕೊಳ್ಳುತ್ತದೆ, ಹಸಿವಾಗುತ್ತದೆ, ಮಾತು ತಡವರಿಸುತ್ತದೆ. ಕೆಲವು ಮಕ್ಕಳು ಆಗ ವಿನಾಕಾರಣ ಸಿಡುಕುತ್ತಾರೆ, ಅಳುತ್ತಾರೆ, ಪಕ್ಕದವರನ್ನು ತಳ್ಳುತ್ತಾರೆ. ಇದು ಹಟವಲ್ಲ, ಮಿದುಳಿಗೆ ಗ್ಲೂಕೋಸ್ ಸಾಲದೆ ಆಗುವ ಪರಿಣಾಮ. ಸಕ್ಕರೆ ಹೆಚ್ಚಾದಾಗ ಬಾಯಾರಿಕೆ, ಪದೇ ಪದೇ ಮೂತ್ರ, ಆಯಾಸ ಕಾಣಿಸುತ್ತವೆ. ಇನ್ಸುಲಿನ್ ತೆಗೆದುಕೊಂಡ ಮೇಲೆ ಊಟ ತಡವಾದರೆ, ಕಡಿಮೆ ತಿಂದರೆ, ಎಂದಿಗಿಂತ ಹೆಚ್ಚು ಓಡಿದರೆ ಸಕ್ಕರೆ ಇಳಿಯುತ್ತದೆ. ಆಗಸ್ಟ್ 15ರ ಕಾರ್ಯಕ್ರಮದಲ್ಲಿ ಅತಿಥಿಗಳ ಭಾಷಣ ಮುಂದುವರಿದು ತಿಂಡಿ ಮುಕ್ಕಾಲು ಗಂಟೆ ತಡವಾದರೆ ಉಳಿದ ಮಕ್ಕಳಿಗೆ ಬೇಸರವಷ್ಟೇ. ಈ ಮಗುವಿಗೆ ಅಪಾಯ.

ಹಂತ 3: ಶಾಲೆಯ ದೊಡ್ಡವರನ್ನು ಸಿದ್ಧಪಡಿಸಿ

ಮುಖ್ಯ ಶಿಕ್ಷಕರು, ತರಗತಿಯ ಎಲ್ಲ ಶಿಕ್ಷಕರು, ಪಿ.ಟಿ. ಮೇಷ್ಟ್ರು, ಬಿಸಿಯೂಟದ ಅಡುಗೆಯವರು, ಶಾಲಾ ವ್ಯಾನಿನ ಚಾಲಕರು ಇಷ್ಟು ಜನಕ್ಕೆ ವಿಷಯ ತಿಳಿದಿರಬೇಕು. ತಂದೆತಾಯಿಯ ಮತ್ತು ವೈದ್ಯರ ಫೋನ್ ಸಂಖ್ಯೆ, ಲೋ ಆದಾಗ ಕೊಡಬೇಕಾದ ಪ್ರಮಾಣ ಇವನ್ನು ಬರೆದ ಒಂದು ಹಾಳೆ, ಜೊತೆಗೆ ಗ್ಲೂಕೋಸ್ ಪುಡಿ, ಸಕ್ಕರೆ, ಬಿಸ್ಕತ್ತು ಇರುವ ಒಂದು ಡಬ್ಬಿ ತರಗತಿಯಲ್ಲಿಯೇ ಇರಲಿ. ಕಚೇರಿಯ ಬೀರುವಿನಲ್ಲಿ ಬೀಗ ಹಾಕಿಟ್ಟ ಡಬ್ಬಿ ಉಪಯೋಗಕ್ಕೆ ಬರುವುದಿಲ್ಲ.

ತೆರೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಬಳಕೆಯಲ್ಲಿರುವ ಇನ್ಸುಲಿನ್ ಪೆನ್ನನ್ನು (ಪೆನ್ನಿನಾಕಾರದ ಇಂಜೆಕ್ಷನ್ ಸಾಧನ) ಸಾಮಾನ್ಯವಾಗಿ ಸುಮಾರು ನಾಲ್ಕು ವಾರ ಹೊರಗಿಡಬಹುದು. ಕಲಬುರಗಿ, ರಾಯಚೂರಿನಂಥ ಕಡೆಯ ಬೇಸಿಗೆಯಲ್ಲಿ ಫ್ರಿಜ್ ಇಲ್ಲದ ಶಾಲೆಗಳಲ್ಲಿ ತೇವವಿರುವ ಮಣ್ಣಿನ ಮಡಕೆಯೊಳಗೆ, ನೀರು ತಾಗದಂತೆ ಡಬ್ಬಿಯಲ್ಲಿಟ್ಟರೆ ಸಾಕಷ್ಟು ತಂಪು ಸಿಗುತ್ತದೆ. ಇನ್ನು ಇಂಜೆಕ್ಷನ್ ತೆಗೆದುಕೊಳ್ಳುವ ಜಾಗ. ಯಾವ ಕಾರಣಕ್ಕೂ ಆ ಮಗುವನ್ನು ಶೌಚಾಲಯಕ್ಕೆ ಕಳಿಸಬೇಡಿ. ಅದು ಸ್ವಚ್ಛವಲ್ಲ ಎಂಬುದು ಒಂದು ಕಾರಣ. ತಾನು ಮಾಡುತ್ತಿರುವುದು ನಾಚಿಕೆಯ ಕೆಲಸ ಎಂದು ಮಗುವಿಗೆ ನಾವೇ ಕಲಿಸಿದಂತಾಗುತ್ತದೆ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಶಿಕ್ಷಕರ ಕೊಠಡಿಯ ಒಂದು ಮೂಲೆ, ಒಂದು ಕುರ್ಚಿ, ಕೈತೊಳೆಯಲು ನೀರು ಇಷ್ಟಿದ್ದರೆ ಸಾಕು. ಮಗುವಿಗೆ ಮುಜುಗರವಿಲ್ಲದಿದ್ದರೆ ತನ್ನ ಬೆಂಚಿನಲ್ಲಿಯೇ ಕುಳಿತು ತೆಗೆದುಕೊಳ್ಳಲಿ.

ಹಂತ 4: ತರಗತಿಯೊಂದಿಗೆ ಮಾತು

ಮಗುವಿಗೆ ಲೋ ಆಗಿ ಎಲ್ಲರೂ ಗಾಬರಿಗೊಂಡ ದಿನವೇ ಈ ಮಾತುಕತೆಗೆ ಕೂರಬೇಡಿ. ಅಂದು ಮಕ್ಕಳ ಮನಸ್ಸಿನಲ್ಲಿ ಭಯ ತುಂಬಿರುತ್ತದೆ, ಏನು ಹೇಳಿದರೂ ಭಯವಾಗಿಯೇ ಕೇಳಿಸುತ್ತದೆ. ಶಾಂತವಾದ ಒಂದು ಬೆಳಿಗ್ಗೆ ಇಪ್ಪತ್ತು ನಿಮಿಷ ಸಾಕು. ನವೆಂಬರ್ 14ರ ಮಕ್ಕಳ ದಿನಾಚರಣೆಯಂದೇ ವಿಶ್ವ ಮಧುಮೇಹ ದಿನವೂ ಬರುವುದರಿಂದ ಅದು ಒಳ್ಳೆಯ ಸಂದರ್ಭವೇ ಸರಿ. ಆದರೆ ಜೂನ್‌ನಲ್ಲಿ ಶಾಲೆಗೆ ಸೇರಿದ ಮಗುವಿಗಾಗಿ ನವೆಂಬರ್‌ವರೆಗೆ ಕಾಯುವುದು ಸರಿಯಲ್ಲ.

ಒಂದರಿಂದ ಮೂರನೇ ತರಗತಿಯವರಿಗೆ ಕೆಲವೇ ವಾಕ್ಯಗಳು ಸಾಕು. 'ಇವಳ ಹೊಟ್ಟೆಯೊಳಗಿನ ಒಂದು ಭಾಗ ಮಾಡಬೇಕಾದ ಕೆಲಸವನ್ನು ಮಾಡುತ್ತಿಲ್ಲ. ಅದಕ್ಕೆ ಔಷಧಿ ತೆಗೆದುಕೊಳ್ಳುತ್ತಾಳೆ, ಹೊತ್ತಿಗೆ ಸರಿಯಾಗಿ ತಿನ್ನುತ್ತಾಳೆ. ಇದು ನಿಮಗೆ ಅಂಟುವುದಿಲ್ಲ. ಅವಳ ಜೊತೆ ಎಂದಿನಂತೆ ಆಡಿ.' ಚಿಕ್ಕ ಮಕ್ಕಳು ಇದಕ್ಕಿಂತ ಹೆಚ್ಚು ಕೇಳುವುದಿಲ್ಲ; ಕೇಳಿದರೆ ಕೇಳಿದಷ್ಟಕ್ಕೆ ಉತ್ತರ ಕೊಡಿ.

ನಾಲ್ಕರಿಂದ ಏಳನೇ ತರಗತಿಯವರಿಗೆ ಕಾರಣ ಬೇಕು. ಇಲ್ಲಿ ಮಕ್ಕಳು ಕಂಡದ್ದರಿಂದಲೇ ಆರಂಭಿಸಿ: 'ಪಾಠ ನಡೆಯುವಾಗ ಇವಳು ಬಿಸ್ಕತ್ತು ತಿನ್ನುವುದನ್ನು ನೀವೆಲ್ಲ ನೋಡಿದ್ದೀರಿ. ನಿಮಗೆ ಬಿಡದ್ದನ್ನು ಇವಳಿಗೆ ಬಿಡುತ್ತೇನೆ ಎಂದು ಕೆಲವರಿಗೆ ಅನ್ನಿಸಿರಬಹುದು. ಯಾಕೆಂದು ಹೇಳುತ್ತೇನೆ.' ಆಮೇಲೆ ವಿಷಯಕ್ಕೆ ಬನ್ನಿ: 'ನಾವು ತಿಂದ ಅನ್ನ, ಮುದ್ದೆ, ರೊಟ್ಟಿ ಎಲ್ಲ ಹೊಟ್ಟೆಯಲ್ಲಿ ಕರಗಿ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಓಡುವುದಕ್ಕೂ ಯೋಚಿಸುವುದಕ್ಕೂ ದೇಹಕ್ಕೆ ಅದು ಬೇಕು. ಆದರೆ ರಕ್ತದಿಂದ ಅದು ಸ್ನಾಯುಗಳ ಒಳಗೆ ಹೋಗಬೇಕಾದರೆ ಬಾಗಿಲು ತೆರೆಯಬೇಕು, ಆ ಬಾಗಿಲಿನ ಬೀಗದ ಕೈ ಇನ್ಸುಲಿನ್. ನಮ್ಮ ದೇಹ ಅದನ್ನು ತಾನೇ ಮಾಡಿಕೊಳ್ಳುತ್ತದೆ, ಬೇಕಾದಾಗ ಬೇಕಾದಷ್ಟು. ಇವಳ ದೇಹಕ್ಕೆ ಅದು ಆಗುವುದಿಲ್ಲ. ಹಾಗಾಗಿ ಇವಳು ಇಂಜೆಕ್ಷನ್ ತೆಗೆದುಕೊಳ್ಳುತ್ತಾಳೆ. ಎಷ್ಟು ಬೇಕೆಂದು ಲೆಕ್ಕ ಹಾಕಬೇಕಾದವಳೂ ಇವಳೇ. ಒಂದೊಂದು ದಿನ ಲೆಕ್ಕ ಸ್ವಲ್ಪ ಆಚೀಚೆಯಾದಾಗ ಸಕ್ಕರೆ ಇಳಿಯುತ್ತದೆ, ಆಗ ತಕ್ಷಣ ತಿನ್ನಬೇಕು. ಆ ಬಿಸ್ಕತ್ತು ತಿಂಡಿಯಲ್ಲ, ಆ ಹೊತ್ತಿಗೆ ಅದೇ ಔಷಧಿ.'

ಹೈಸ್ಕೂಲಿನ ಮಕ್ಕಳೊಂದಿಗೆ ಇನ್ನೂ ಮುಂದೆ ಹೋಗಬಹುದು. ನೂರು ವರ್ಷಕ್ಕೂ ಹಿಂದೆ ಈ ಕಾಯಿಲೆಗೆ ಮದ್ದೇ ಇರಲಿಲ್ಲ. ಬಂದ ಮಕ್ಕಳು ಬೇಗನೆ ಸಾಯುತ್ತಿದ್ದರು. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ನಡೆಸಿದ ಪ್ರಯೋಗಗಳಿಂದ ಇನ್ಸುಲಿನ್ ಸಿಕ್ಕಿತು. 1922ರ ಜನವರಿಯಲ್ಲಿ ಅದನ್ನು ಮೊದಲು ಪಡೆದವನು ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗ, ಅಂದರೆ ಒಂಬತ್ತನೇ ತರಗತಿಯ ವಯಸ್ಸಿನವನು. ತಮ್ಮದೇ ವಯಸ್ಸಿನ ಹುಡುಗನ ಕಥೆ ಎಂದೊಡನೆ ಮಕ್ಕಳು ಕಿವಿಗೊಡುತ್ತಾರೆ. ಕ್ರಿಕೆಟ್ ಪ್ರಿಯರಿಗೆ ಪಾಕಿಸ್ತಾನದ ವಾಸಿಂ ಅಕ್ರಂ ಅವರ ಉದಾಹರಣೆ ಕೊಡಬಹುದು: 1997ರಲ್ಲಿ ಟೈಪ್ 1 ಮಧುಮೇಹ ಪತ್ತೆಯಾದ ಮೇಲೂ ವೇಗದ ಬೌಲಿಂಗ್ ಮುಂದುವರಿಸಿ, 2003ರ ವಿಶ್ವಕಪ್‌ನಲ್ಲಿ ಏಕದಿನ ಪಂದ್ಯಗಳ 500ನೇ ವಿಕೆಟ್ ಪಡೆದವರು ಅವರು. ಚಿಕ್ಕಂದಿನಿಂದಲೇ ಈ ಕಾಯಿಲೆಯಿರುವ ಜರ್ಮನಿಯ ಅಲೆಕ್ಸಾಂಡರ್ ಜ್ವೆರೆವ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಟೆನಿಸ್ ಚಿನ್ನ ಗೆದ್ದಿದ್ದಾರೆ.

ಮಗು ತಾನಾಗಿ ಬಯಸಿದರೆ ರಕ್ತದ ಸಕ್ಕರೆ ಅಳೆಯುವ ಗ್ಲೂಕೋಮೀಟರ್ ಬಳಸುವುದನ್ನು ತೋರಿಸಲಿ. ಅವಳು ಕೈತೊಳೆದು ಒರೆಸಿಕೊಳ್ಳುತ್ತಾಳೆ. ಮೀಟರಿಗೆ ಸ್ಟ್ರಿಪ್ ಸಿಕ್ಕಿಸಿ, ಉಂಗುರ ಬೆರಳಿನ ತುದಿಯಲ್ಲಿ, ನಡುಭಾಗ ಬಿಟ್ಟು ಪಕ್ಕಕ್ಕೆ ಚುಚ್ಚುತ್ತಾಳೆ, ಏಕೆಂದರೆ ಅಲ್ಲಿ ನೋವು ಕಡಿಮೆ. ಬೆರಳನ್ನು ಬುಡದಿಂದ ಮೆಲ್ಲನೆ ಒತ್ತಿದಾಗ ಸಾಸಿವೆಕಾಳಿನಷ್ಟು ರಕ್ತ ಮೂಡುತ್ತದೆ. ಸ್ಟ್ರಿಪ್ಪಿನ ಅಂಚು ತಾಗಿಸಿದೊಡನೆ ಅದು ಹನಿಯನ್ನು ಹೀರಿಕೊಳ್ಳುತ್ತದೆ. ಮುಂದಿನ ಸಾಲಿನವರು ಎದ್ದು ನಿಲ್ಲುತ್ತಾರೆ, ಹಿಂದಿನವರು ಬೆಂಚು ಹತ್ತುತ್ತಾರೆ, ಐದು ಎಣಿಸುವುದರೊಳಗೆ ಅಂಕಿ ಬರುತ್ತದೆ. ಆ ಅಂಕಿಯನ್ನು 'ಒಳ್ಳೆಯದು', 'ಕೆಟ್ಟದ್ದು' ಎಂದು ಯಾರೂ ಹೇಳಬಾರದು. ಅದು ಪರೀಕ್ಷೆಯ ಅಂಕವಲ್ಲ, ಮುಂದೆ ಏನು ಮಾಡಬೇಕೆಂದು ತಿಳಿಸುವ ಮಾಹಿತಿ ಎಂದು ಮಕ್ಕಳಿಗೆ ಆಗಲೇ ಹೇಳಿಬಿಡಿ. ಬೇರೆ ಮಕ್ಕಳು 'ನನಗೂ ಚುಚ್ಚಿ' ಎಂದು ಕೈಚಾಚಿದರೂ ಯಾರಿಗೂ ಚುಚ್ಚಬೇಡಿ. ಒಬ್ಬರ ಸೂಜಿಯನ್ನು ಇನ್ನೊಬ್ಬರು ಬಳಸುವುದು ಅಪಾಯ. ಸಕ್ಕರೆ ಅಳೆಯಲು ತೋಳಿಗೆ ಅಂಟಿಸಿದ ಸೆನ್ಸರ್ ಇರುವ ಮಗುವಾದರೆ, ಅದು ಏನೆಂದು ಹೇಳಿ, ಎಳೆಯಬಾರದು, ಅದರ ಮೇಲೆ ಹೊಡೆಯಬಾರದು ಎಂದಷ್ಟೇ ತಿಳಿಸಿದರೆ ಸಾಕು.

ಹಂತ 5: ಪ್ರಶ್ನೆಗಳಿಗೆ ನೇರ ಉತ್ತರ

ಮಕ್ಕಳು ಕೇಳುವುದನ್ನೆಲ್ಲ ಕೇಳಲಿ. ಇಲ್ಲಿ ಕೇಳಲಾಗದ್ದನ್ನು ಅವರು ಮೈದಾನದಲ್ಲಿ ಆ ಹುಡುಗಿಯನ್ನೇ ಸುತ್ತುವರಿದು ಕೇಳುತ್ತಾರೆ. ಎಲ್ಲಕ್ಕಿಂತ ಮೊದಲು ಬರುವುದು 'ಅವಳ ಟಿಫಿನ್ ಬಾಕ್ಸಿನಲ್ಲಿ ತಿಂದರೆ ನನಗೂ ಬರುತ್ತಾ?' ಎಂಬುದು. ಬರುವುದಿಲ್ಲ. ಒಟ್ಟಿಗೆ ಕೂತು ಉಣ್ಣುವುದರಿಂದಲೂ ಕೈಹಿಡಿದು ಆಡುವುದರಿಂದಲೂ ಬರುವುದಿಲ್ಲ. 'ತುಂಬಾ ಚಾಕೊಲೇಟ್ ತಿಂದಳಾ?' ಎಂದರೆ, ಇಲ್ಲ, ನೀವೂ ತಿನ್ನುತ್ತೀರಲ್ಲ. ಅವಳು ಯಾವ ತಪ್ಪೂ ಮಾಡಿಲ್ಲ ಎನ್ನಿ. 'ಯಾವಾಗ ವಾಸಿಯಾಗುತ್ತದೆ?' ಎಂಬುದಕ್ಕೆ ಸುಳ್ಳು ಸಮಾಧಾನ ಬೇಡ. ಜ್ವರದಂತೆ ಬಂದು ಹೋಗುವ ಕಾಯಿಲೆ ಇದಲ್ಲ, ಸದ್ಯಕ್ಕೆ ಪೂರ್ತಿ ಗುಣಪಡಿಸುವ ಮದ್ದಿಲ್ಲ, ಆದರೆ ಹತೋಟಿಯಲ್ಲಿಡಬಹುದು ಎಂದೇ ಹೇಳಬೇಕು.

ದೊಡ್ಡವರು ತಡಬಡಾಯಿಸುವುದು 'ಅವಳು ಸತ್ತುಹೋಗುತ್ತಾಳಾ?' ಎಂಬ ಪ್ರಶ್ನೆಗೆ. 'ಛೆ, ಹಾಗೆಲ್ಲ ಮಾತನಾಡಬಾರದು' ಎಂದು ಗದರಿದರೆ ಮಕ್ಕಳು ಹೌದೆಂದೇ ತಿಳಿಯುತ್ತಾರೆ, ಕೇಳಿಸಿಕೊಳ್ಳುತ್ತಿರುವ ಆ ಮಗುವೂ ಹಾಗೆಯೇ ತಿಳಿಯುತ್ತದೆ. ಉತ್ತರ ಹೀಗಿರಲಿ: 'ಇನ್ಸುಲಿನ್ ಸಿಗದಿದ್ದರೆ ಇದು ಅಪಾಯದ ಕಾಯಿಲೆ, ಅದಕ್ಕಾಗಿಯೇ ಅವಳು ಒಂದು ದಿನವೂ ತಪ್ಪಿಸುವುದಿಲ್ಲ. ತಪ್ಪದೆ ತೆಗೆದುಕೊಂಡು ನೋಡಿಕೊಂಡವರು ಓದಿ, ಕೆಲಸ ಮಾಡಿ, ಮುದುಕರಾಗುವವರೆಗೂ ಬದುಕುತ್ತಾರೆ.' ಈ ಪ್ರಶ್ನೆ ಬರಬಹುದೆಂದು ಮಗುವಿಗೂ ಮನೆಯವರಿಗೂ ಮೊದಲೇ ತಿಳಿಸಿರಬೇಕು.

ಹಂತ 6: ಗೆಳೆಯರಿಗೆ ಒಂದು ಕೆಲಸ ಕೊಡಿ

ವಿಷಯ ತಿಳಿದ ಮಕ್ಕಳಿಗೆ ಏನಾದರೂ ಮಾಡಬೇಕೆನ್ನಿಸುತ್ತದೆ. ಆ ಉತ್ಸಾಹಕ್ಕೆ ಸರಿಯಾದ ದಾರಿ ತೋರಿಸದಿದ್ದರೆ ಅದು ಕಾವಲಾಗಿ ತಿರುಗುತ್ತದೆ. 'ಮಿಸ್, ಇವಳು ಜಿಲೇಬಿ ತಿಂದಳು' ಎಂಬ ದೂರುಗಳು ದಿನವೂ ಬರುತ್ತವೆ. ಆದ್ದರಿಂದ ಗೆಳೆಯರ ಕೆಲಸವೇನು, ಏನಲ್ಲ ಎಂಬುದನ್ನು ಬಿಡಿಸಿ ಹೇಳಬೇಕು. ಅವಳು ಏನು ತಿನ್ನಬೇಕೆಂಬುದು ಅವಳ, ಅವಳ ಅಮ್ಮನ, ಡಾಕ್ಟರ ವಿಷಯ. ಅದರಲ್ಲಿ ನಮಗೆ ಕೆಲಸವಿಲ್ಲ. ಲೋ ಆದಾಗ ಮಾತ್ರ ನಮಗೆ ಕೆಲಸವಿದೆ.

ಆ ಕೆಲಸವನ್ನು ಅಭಿನಯದ ಮೂಲಕ ಅಭ್ಯಾಸ ಮಾಡಿಸಿ. ಕಾಯಿಲೆಯಿರುವ ಮಗುವನ್ನು ರೋಗಿಯ ಪಾತ್ರಕ್ಕೆ ಹಾಕಬೇಡಿ. ಅವಳು ಬೇಕಾದರೆ ಇನ್ನೊಬ್ಬರಿಗೆ ಹೇಳಿಕೊಡುವವಳಾಗಲಿ. ಗೆಳತಿ ಬೆವರುತ್ತಿದ್ದಾಳೆ, ನಡುಗುತ್ತಿದ್ದಾಳೆ ಅಥವಾ ತನಗೆ ಲೋ ಆಗಿದೆ ಎನ್ನುತ್ತಿದ್ದಾಳೆ. ಒಬ್ಬರು ಅವಳ ಪಕ್ಕದಲ್ಲಿಯೇ ಇರಬೇಕು, ಇನ್ನೊಬ್ಬರು ಓಡಿ ಶಿಕ್ಷಕರನ್ನು ಕರೆಯಬೇಕು, ಮತ್ತೊಬ್ಬರು ಡಬ್ಬಿ ತಂದುಕೊಡಬೇಕು. ಅವಳನ್ನು ಎಬ್ಬಿಸಿ ನಡೆಸಿಕೊಂಡು ಕಚೇರಿಗೆ ಕರೆದೊಯ್ಯಬಾರದು; ಸಕ್ಕರೆ ಅವಳಿದ್ದಲ್ಲಿಗೆ ಬರಬೇಕು.

ಮುಂದಿನದು ದೊಡ್ಡವರ ಹೊಣೆ. ವೈದ್ಯರು ಬರೆದುಕೊಟ್ಟ ಪ್ರಮಾಣದಲ್ಲಿ ಗ್ಲೂಕೋಸ್ ಅಥವಾ ಸಕ್ಕರೆ ಕೊಡಬೇಕು. ದೊಡ್ಡ ಮಕ್ಕಳಿಗೆ ಸಾಮಾನ್ಯವಾಗಿ 15 ಗ್ರಾಂ, ಅಂದರೆ ಸುಮಾರು ಮೂರು ಟೀ ಚಮಚ. ಚಿಕ್ಕವರಿಗೆ ಅದಕ್ಕಿಂತ ಕಡಿಮೆ. ಚಾಕೊಲೇಟ್ ಕೊಡುವುದು ಸರಿಯಲ್ಲ, ಅದರಲ್ಲಿರುವ ಕೊಬ್ಬಿನಿಂದಾಗಿ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನವಾಗುತ್ತದೆ. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಇನ್ನೂ 70ಕ್ಕಿಂತ ಕಡಿಮೆಯಿದ್ದರೆ ಮತ್ತೊಮ್ಮೆ ಕೊಡಬೇಕು. ಮೀಟರ್ ಸಿಗದಿದ್ದರೆ ಹುಡುಕುತ್ತ ಕೂರದೆ ಮೊದಲು ಸಕ್ಕರೆ ಕೊಡಿ. ಪ್ರಜ್ಞೆ ತಪ್ಪಿದ್ದರೆ ಅಥವಾ ನುಂಗಲಾಗದಿದ್ದರೆ ಬಾಯಿಗೆ ನೀರನ್ನಾಗಲಿ ಜ್ಯೂಸನ್ನಾಗಲಿ ಹಾಕಲೇಬಾರದು. ಅದು ಶ್ವಾಸನಾಳಕ್ಕೆ ಹೋಗುತ್ತದೆ. ಮಗ್ಗುಲಿಗೆ ಮಲಗಿಸಿ, 108ಕ್ಕೆ ಕರೆ ಮಾಡಿ, ರಕ್ತದ ಸಕ್ಕರೆಯನ್ನು ಏರಿಸುವ ಗ್ಲುಕಗಾನ್ ಔಷಧಿ ಶಾಲೆಯಲ್ಲಿದ್ದು ಅದನ್ನು ಕೊಡಲು ಕಲಿತವರಿದ್ದರೆ ಕೊಡಬೇಕು. ಈ ಒಂದು 'ಹಾಕಲೇಬಾರದು' ಎಂಬ ಮಾತನ್ನು ಮಕ್ಕಳಿಂದಲೂ ಬಾಯಿಪಾಠ ಮಾಡಿಸಿ, ಏಕೆಂದರೆ ಬಿದ್ದವರ ಬಾಯಿಗೆ ನೀರು ಬಿಡುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ.

ಹಂತ 7: ಹುಟ್ಟುಹಬ್ಬ, ಬಿಸಿಯೂಟ, ಆಟ, ಪ್ರವಾಸ

ಮಗುವಿನ ಮನಸ್ಸಿಗೆ ಹೆಚ್ಚು ನೋವಾಗುವುದು ಸೂಜಿಯಿಂದಲ್ಲ, ಕೈತಪ್ಪಿದ ಪಾಲಿನಿಂದ. ಹುಟ್ಟುಹಬ್ಬದ ಹುಡುಗ ಹೊಸ ಬಟ್ಟೆ ಹಾಕಿಕೊಂಡು ಎಲ್ಲರಿಗೂ ಚಾಕೊಲೇಟ್ ಹಂಚುತ್ತ ಬಂದು, ಇವಳ ಬೆಂಚಿನ ಹತ್ತಿರ ಬಂದಾಗ 'ನಿನಗೆ ಇಲ್ಲ ಅಲ್ವಾ' ಎಂದು ಮುಂದೆ ಹೋಗುತ್ತಾನೆ. ಅವನು ಒಳ್ಳೆಯದೆಂದೇ ಮಾಡಿದ್ದು. ಅದಕ್ಕೇ ಮೊದಲೇ ಹೇಳಿಕೊಡಬೇಕು: ಎಲ್ಲರಿಗೆ ಕೊಟ್ಟದ್ದನ್ನು ಇವಳಿಗೂ ಕೊಡಿ. ಈಗಲೇ ತಿನ್ನಬೇಕೋ, ಊಟದ ಹೊತ್ತಿನ ಇನ್ಸುಲಿನ್ ಲೆಕ್ಕದಲ್ಲಿ ಸೇರಿಸಿ ತಿನ್ನಬೇಕೋ, ತಮ್ಮನಿಗೆ ಒಯ್ದು ಕೊಡಬೇಕೋ ಅವಳು ನೋಡಿಕೊಳ್ಳುತ್ತಾಳೆ. ಬಿಸಿಯೂಟದ ಜೊತೆ ಕೊಡುವ ಬಾಳೆಹಣ್ಣಿಗೂ ಇದೇ ಮಾತು. ಅವಳ ಹೆಸರನ್ನು ಪಟ್ಟಿಯಿಂದ ತೆಗೆಯುವ ಮುನ್ನ ಮನೆಯವರನ್ನು ಕೇಳಿ. ಅಡುಗೆಯವರು ಪಾಯಸವನ್ನೋ ಕೇಸರಿಬಾತನ್ನೋ ಮಾಡುವ ದಿನ ಹಿಂದಿನ ದಿನವೇ ತಿಳಿಸಿದರೆ ತಾಯಿಗೆ ಬಹಳ ಉಪಕಾರವಾಗುತ್ತದೆ.

ಆಟದಿಂದ ಅವಳನ್ನು ಹೊರಗಿಡುವುದಕ್ಕೆ ಯಾವ ಕಾರಣವೂ ಇಲ್ಲ. ಕಬಡ್ಡಿ, ಖೋಖೋ, ಓಟ ಎಲ್ಲವನ್ನೂ ಆಡಬಹುದು. ಆಟಕ್ಕೆ ಮುನ್ನ ಸಕ್ಕರೆ ನೋಡಿಕೊಂಡು, ಬೇಕಿದ್ದರೆ ಏನಾದರೂ ತಿಂದು, ಗ್ಲೂಕೋಸ್ ಪೊಟ್ಟಣವನ್ನು ಮೈದಾನದಲ್ಲಿಯೇ ಇಟ್ಟುಕೊಳ್ಳಬೇಕು. ಆಡಿದ ಎಷ್ಟೋ ಹೊತ್ತಿನ ಮೇಲೂ ಸಕ್ಕರೆ ಇಳಿಯಬಹುದಾದ್ದರಿಂದ ಕ್ರೀಡಾಕೂಟದ ದಿನ ಮನೆಯವರಿಗೆ ಸುದ್ದಿ ಮುಟ್ಟಿಸುವುದು ಅಗತ್ಯ. ಶೈಕ್ಷಣಿಕ ಪ್ರವಾಸಕ್ಕೂ ಕರೆದೊಯ್ಯಿರಿ. ಬಸ್ಸಿನಲ್ಲಿ ಅವಳ ಚೀಲ ಮೇಲಿನ ಕ್ಯಾರಿಯರ್‌ನಲ್ಲಿ ಅಲ್ಲ, ಅವಳ ಕೈಯಲ್ಲಿರಲಿ, ಇನ್ಸುಲಿನ್ ಬಿಸಿಲಿಗೆ ಬೀಳದಿರಲಿ.

ಗೆಳತಿಯನ್ನು ಮನೆಗೆ ಕರೆಯುವ ಪೋಷಕರಿಗೊಂದು ಮಾತು. 'ನಮ್ಮ ಮನೆಯಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ?' ಎಂಬ ಭಯದಿಂದ ಕರೆಯದೆ ಉಳಿಯುವವರೇ ಹೆಚ್ಚು. ಅವಳ ತಾಯಿಗೆ ಒಂದು ಫೋನ್ ಮಾಡಿ, ಎಷ್ಟು ಹೊತ್ತಿಗೆ ಊಟ, ಏನು ಅಡುಗೆ ಎಂದು ಹೇಳಿ, ಲೋ ಆದರೆ ಏನು ಮಾಡಬೇಕೆಂದು ಕೇಳಿಟ್ಟುಕೊಂಡರೆ ಆ ಭಯ ಬಹಳಮಟ್ಟಿಗೆ ಕಳೆಯುತ್ತದೆ.

ಹಂತ 8: ಕೀಟಲೆಯನ್ನು ಮೊದಲ ದಿನವೇ ನಿಲ್ಲಿಸಿ

'ಶುಗರ್ ಪೇಷೆಂಟ್' ಎಂಬ ಅಡ್ಡಹೆಸರು, ಇಂಜೆಕ್ಷನ್ ಚುಚ್ಚುವ ಅಣಕ, ಮೀಟರ್ ಬಚ್ಚಿಡುವುದು ಇವೆಲ್ಲ ನಡೆಯುತ್ತವೆ. ಅಡ್ಡಹೆಸರಿಟ್ಟ ಹುಡುಗನನ್ನು ತರಗತಿಯ ಮುಂದೆ ನಿಲ್ಲಿಸಿ ಬಯ್ದರೆ ಎಲ್ಲರ ಕಣ್ಣೂ ಮತ್ತೆ ಆ ಹುಡುಗಿಯ ಮೇಲೆಯೇ ಬೀಳುತ್ತದೆ. ಅವನನ್ನು ಪ್ರತ್ಯೇಕವಾಗಿ ಕರೆದು ಮಾತನಾಡಿ, ಅವನಿಗೆ ಎಷ್ಟು ತಿಳಿದಿದೆ ಎಂದು ಮೊದಲು ಕೇಳಿ. ಎಷ್ಟೋ ಸಲ ಅಣಕದ ಹಿಂದೆ ಹೆದರಿಕೆಯೇ ಇರುತ್ತದೆ. ಮೀಟರ್, ಇನ್ಸುಲಿನ್, ಗ್ಲೂಕೋಸ್ ಡಬ್ಬಿಯನ್ನು ಮುಟ್ಟುವುದು ಮಾತ್ರ ತಮಾಷೆಯ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಮನೆಯವರಿಗೆ ತಿಳಿಸಿ ಗಂಭೀರವಾಗಿಯೇ ನಡೆಸಬೇಕು.

ಪರೀಕ್ಷೆಯ ಕಾಲದಲ್ಲಿ ನ್ಯಾಯದ ಪ್ರಶ್ನೆ ಮತ್ತೆ ತಲೆಯೆತ್ತುತ್ತದೆ. ಸಿಬಿಎಸ್‌ಇ ಮಂಡಳಿಯು 2017ರಲ್ಲಿಯೇ ಟೈಪ್ 1 ಇರುವ ವಿದ್ಯಾರ್ಥಿಗಳು ಬೋರ್ಡ್ ಪರೀಕ್ಷೆಯ ಕೊಠಡಿಗೆ ಸಕ್ಕರೆ ಮಾತ್ರೆ, ಹಣ್ಣು, ಲಘು ತಿಂಡಿ, ನೀರು ಒಯ್ಯಲು ಅನುಮತಿ ನೀಡಿತು. ಯಾವ ಮಂಡಳಿಯ ಪರೀಕ್ಷೆಯೇ ಆಗಲಿ, ವೈದ್ಯರ ಪತ್ರದೊಂದಿಗೆ ಮುಖ್ಯ ಶಿಕ್ಷಕರ ಮೂಲಕ ಮುಂಚಿತವಾಗಿಯೇ ಬರೆದು ಕೇಳಿಕೊಳ್ಳಿ, ಕೊಠಡಿ ಮೇಲ್ವಿಚಾರಕರಿಗೂ ಅಂದು ಬೆಳಿಗ್ಗೆ ತಿಳಿಸಿ. ಸಹಪಾಠಿಗಳಿಗೆ ಹೇಳಬೇಕಾದದ್ದು ಇಷ್ಟೇ: ಸಕ್ಕರೆ 60ಕ್ಕೆ ಇಳಿದಾಗ ಗೊತ್ತಿರುವ ಉತ್ತರವೂ ನೆನಪಿಗೆ ಬರುವುದಿಲ್ಲ, ಆ ಹಣ್ಣಿನ ತುಂಡು ಅವಳಿಗೆ ಹೆಚ್ಚಿನ ಅಂಕ ಕೊಡುವುದಿಲ್ಲ, ನಿಮ್ಮೊಂದಿಗೆ ಸಮನಾಗಿ ಬರೆಯಲು ಬಿಡುತ್ತದೆ.

ಹಂತ 9: ಬೇರೆ ಕಾಣದ ಕಾಯಿಲೆಗಳಿದ್ದರೆ

ಕ್ರಮ ಇದೇ, ಹೇಳಬೇಕಾದ ಸಂಗತಿ ಮಾತ್ರ ಬೇರೆ. ಉಬ್ಬಸವಿರುವ ಮಗುವಿನ ಗೆಳೆಯರಿಗೆ ಇನ್ಹೇಲರ್ ಚಟ ಹಿಡಿಸುವ ವಸ್ತುವಲ್ಲ ಎಂದೂ, ಸೀಮೆಸುಣ್ಣದ ದೂಳು, ಹೊಗೆ ಅವನಿಗೆ ಆಗದೆಂದೂ ತಿಳಿಸಿ. ಡಸ್ಟರ್ ಕೊಡಹುವ ಸರದಿಯಿಂದ ಅವನಿಗೆ ಬಿಡುವು ಯಾಕೆಂದು ಅವರಿಗೆ ಅರ್ಥವಾಗಲಿ.

ಮೂರ್ಛೆ ರೋಗದ ವಿಷಯದಲ್ಲಿ ಮೂಢನಂಬಿಕೆಗಳೇ ಹೆಚ್ಚಿರುವುದರಿಂದ ಹೆಚ್ಚು ಹೇಳಬೇಕಾಗುತ್ತದೆ. ಅದು ಮಿದುಳಿನ ವಿದ್ಯುತ್ ಚಟುವಟಿಕೆ ಕೆಲಹೊತ್ತು ಏರುಪೇರಾಗುವುದರಿಂದ ಬರುತ್ತದೆ. ದೆವ್ವ, ಗಾಳಿ, ಶಾಪ ಯಾವುದೂ ಅಲ್ಲ. ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಹಿಡಿಸುವುದರಿಂದಾಗಲಿ, ಈರುಳ್ಳಿಯನ್ನೋ ಚಪ್ಪಲಿಯನ್ನೋ ಮೂಸಿಸುವುದರಿಂದಾಗಲಿ ಏನೂ ಪ್ರಯೋಜನವಿಲ್ಲ. ಬಾಯಿಗೆ ಚಮಚ ತುರುಕಿದರೆ ಹಲ್ಲು ಮುರಿಯುತ್ತದೆ. ಸುತ್ತಲಿನ ಬೆಂಚು ಸರಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಮಗ್ಗುಲಿಗೆ ತಿರುಗಿಸಿ, ಗಡಿಯಾರ ನೋಡುತ್ತ ಪಕ್ಕದಲ್ಲಿರಬೇಕು. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು. ಎಚ್ಚರವಾದ ಮೇಲೆ ಆ ಮಗುವಿನ ಸುತ್ತ ಗುಂಪು ಸೇರದಂತೆ, ಬಟ್ಟೆ ಒದ್ದೆಯಾಗಿದ್ದರೆ ಯಾರಿಗೂ ಕಾಣದಂತೆ ನೋಡಿಕೊಳ್ಳುವುದು ಗೆಳೆಯರು ಮಾಡಬಹುದಾದ ಬಹಳ ದೊಡ್ಡ ಉಪಕಾರ.

ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಬುಡಕಟ್ಟು ಸಮುದಾಯಗಳ ಮಕ್ಕಳಲ್ಲಿ ಸಿಕಲ್ ಸೆಲ್ ರಕ್ತಹೀನತೆ ಕಂಡುಬರುತ್ತದೆ. ಇದನ್ನು ನಿರ್ಮೂಲನೆ ಮಾಡುವ ರಾಷ್ಟ್ರೀಯ ಅಭಿಯಾನ 2023ರ ಜುಲೈ 1ರಂದು ಆರಂಭವಾಯಿತು. ಕೆಂಪು ರಕ್ತಕಣಗಳು ಕುಡುಗೋಲಿನಾಕಾರಕ್ಕೆ ತಿರುಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡಾಗ ತಡೆಯಲಾಗದ ನೋವು ಬರುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಚಳಿ ಮತ್ತು ನೀರು ಸಾಲದಿರುವುದು ಆ ನೋವನ್ನು ತರುವ ಕಾರಣಗಳಲ್ಲಿ ಸೇರಿವೆ. ಆಶ್ರಮ ಶಾಲೆಗಳಲ್ಲಿ ಈ ಮಗುವಿಗೆ ಬಿಸಿನೀರಿನ ಸ್ನಾನ, ದಪ್ಪ ಹೊದಿಕೆ, ಸದಾ ನೀರಿನ ಬಾಟಲಿ ಯಾಕೆ ಎಂದು ಉಳಿದವರಿಗೆ ಹೇಳದಿದ್ದರೆ, ಅಲ್ಲಿಯೂ ಅದೇ ನ್ಯಾಯದ ಪ್ರಶ್ನೆ ಏಳುತ್ತದೆ.

ಹಂತ 10: ಮುಂದಿನ ವರ್ಷಕ್ಕೆ ದಾಟಿಸಿ

ಒಂದು ಸಲ ಹೇಳಿ ಮುಗಿಸುವ ವಿಷಯ ಇದಲ್ಲ. ದಸರಾ ರಜೆಯ ನಂತರ ಒಮ್ಮೆ ಐದು ನಿಮಿಷ ನೆನಪಿಸಿ, ಡಬ್ಬಿಯಲ್ಲಿರುವ ಗ್ಲೂಕೋಸಿನ ಅವಧಿ ಮುಗಿದಿದೆಯೇ ನೋಡಿ. ಹೊಸದಾಗಿ ಸೇರಿದ ಮಗುವಿಗೆ ಅವಳ ಗೆಳತಿಯರೇ ಹೇಳಿಕೊಡಲಿ, ಅವಳು ಒಪ್ಪಿದರೆ. ಐದನೇ ತರಗತಿಯಲ್ಲಿ ಎಲ್ಲರ ಮುಂದೆ ಮೀಟರ್ ತೋರಿಸಿದ ಹುಡುಗಿ ಎಂಟನೆಯದಕ್ಕೆ ಬರುವ ಹೊತ್ತಿಗೆ ಯಾರಿಗೂ ಹೇಳಬೇಡಿ ಎನ್ನಬಹುದು. ಹದಿಹರೆಯದಲ್ಲಿ ಇದು ಸಹಜ, ಆಗ ಮತ್ತೆ ಮೊದಲನೆಯ ಹಂತದಿಂದಲೇ ಕೇಳಿಕೊಂಡು ಬರಬೇಕು. ಮಾರ್ಚ್ ಕೊನೆಯಲ್ಲಿ, ವರ್ಗಾವಣೆ ಮತ್ತು ಬೇಸಿಗೆ ರಜೆಯ ಗಡಿಬಿಡಿಗೆ ಮೊದಲೇ, ಮುಂದಿನ ತರಗತಿಯ ಶಿಕ್ಷಕರಿಗೆ ಒಂದು ಪುಟ ಬರೆದಿಡಿ: ಅವಳಿಗೆ ಲೋ ಆಗುವ ಮುನ್ನ ಕಾಣುವ ಲಕ್ಷಣಗಳು ಯಾವುವು, ದಿನದ ಯಾವ ಹೊತ್ತಿನಲ್ಲಿ ಹೆಚ್ಚು, ಯಾವ ಗೆಳತಿಯರಿಗೆ ಏನು ಗೊತ್ತಿದೆ, ಯಾವ ಮಾತನ್ನು ಅವಳು ಇಷ್ಟಪಡುವುದಿಲ್ಲ. ಆ ಪುಟವನ್ನು ಕೊಡುವ ಮೊದಲು ಅವಳಿಗೆ ಓದಲು ಕೊಡಿ. ಅವಳು ಹೊಡೆದುಹಾಕಿದ ಸಾಲನ್ನು ಹೊಡೆದುಹಾಕಿಯೇ ಕಳಿಸಿ.